ಮರಳು

ಗೇಟು ತೆರೆಯುವ ಮೊದಲೇ
ಇಪ್ಪತ್ತನಾಲ್ಕು ಜನ ಬಂದು ಕೂರುತ್ತಾರೆ
ನಮ್ಮ ತಲೆಕೆಳಗಿನ ಉಯ್ಯಾಲೆಯಲ್ಲಿ.
ಟಿಕೆಟ್ಟಿಲ್ಲ, ತಕರಾರಿಲ್ಲ, ಮೊಬೈಲು ಹೊರಗೆ ಚಾಚುವುದಿಲ್ಲ.
ಮಂಡ್ಯದ ಸಕ್ಕರೆ ಚೀಲಕ್ಕೆ ಮರಳು ತುಂಬಿ
ದಬ್ಬಳದಲ್ಲಿ ಬಾಯಿ ಹೊಲಿದವನು ಜಬೀವುಲ್ಲಾ.
ಒಂದೊಂದೂ ಎಪ್ಪತ್ತೈದು ಕೆಜಿ;
ಮದುವೆಯಾಗಿ ಎರಡು ವರ್ಷವಾದ ಗಂಡಸಿನ ತೂಕ
ಅನ್ನುತ್ತಾನೆ.

ಒಬ್ಬೊಬ್ಬರ ಎದೆಗೂ ಕಂಬಿ ಇಳಿಸಿ ಎಳೆದು ನೋಡುತ್ತೇನೆ.
ಎರಡು ಸಲ:
ಒಂದು ನಿಯಮಕ್ಕೆ, ಇನ್ನೊಂದು ನನ್ನ ರಾತ್ರಿಯ ನಿದ್ದೆಗೆ.

ಗುಂಡಿ ಒತ್ತಿದರೆ ಏಳುತ್ತವೆ ಚೀಲಗಳು
ದೊಡ್ಡಕೆರೆ ಮೈದಾನದ ಮೇಲೆ,
ಬೆಟ್ಟವನ್ನು ತಲೆಕೆಳಗು ನೋಡಿ
ಯಾರೂ ಕಿರುಚದೆ ಇಳಿಯುತ್ತವೆ.
ಏಳನೇ ಸೀಟಿನದರ ಹೊಲಿಗೆ ಬಿಟ್ಟು
ಸಣ್ಣ ಮರಳೆಳೆ ಜಬೀವುಲ್ಲಾನ ಟೋಪಿಗೆ ಬೀಳುತ್ತದೆ.
"ಏಳನೆಯವ್ನು ಅಳ್ತಾವ್ನೆ ನೋಡು."

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ
ಮೂವತ್ತೊಂದು ವರ್ಷ ಗಾಲಿ ಬಡಿದ ಕೈ ಅವನದು.
ಈಗ ಪ್ರತಿ ಸುತ್ತಿಗೂ ಮೊದಲು ಪಿನ್ನು ಬಡಿಯುತ್ತಾನೆ,
ಹಲಸು ಕೊಳ್ಳುವವರ ಹಾಗೆ, ಉಳಿದಿರುವ ಒಂದೇ ಕಿವಿ ಕೊಟ್ಟು.
ಠಣ್ ಅಂದರೆ ಸರಿ.
ಠಪ್ ಅಂದರೆ ಇವತ್ತಿಗೆ ಅಂಗಡಿ ಬಂದ್.

ನನ್ನದು ಅಳತೆಕೋಲು.
ಕ್ಯಾತಮಾರನಹಳ್ಳಿಯ ಹುಡುಗ ಶೂಸಿನೊಳಗೆ ಪೇಪರು ತುರುಕಿ ಬಂದಿದ್ದ.
"ಒಂದ್ಬೆರಳು ತಾನೆ, ಬುಡಕ್ಕ," ಅಂದಳು ತಾಯಿ.
"ಅವ್ನು ಬೆಳೀತಾನೆ ಕಣವ್ವ, ಕಂಬಿ ಕುಗ್ಗಲ್ಲ."
ಚುರುಮುರಿ ಅಂಗಡಿ ಮುಟ್ಟುವ ತನಕ ನನ್ನ ವಂಶ ಜಾಲಾಡಿದಳು.

ಆವತ್ತು ಭಾನುವಾರ, ಏಳಕ್ಕೆ ಐದು ನಿಮಿಷ.
ಸಾಲು ದೆಹಲಿ ಹಪ್ಪಳದ ಮಳಿಗೆ ದಾಟಿತ್ತು.
ಹದಿನೇಳನೇ ಪಿನ್ನು: ಠಪ್.
ಮತ್ತೆ ಬಡಿದ. ನನಗೂ ಕೇಳಿತು,
ಅಥವಾ ಅವನ ಮುಖ ನೋಡಿ ಕೇಳಿತು ಅನ್ನಿಸಿತು.

ಮ್ಯಾನೇಜರು ಬೆಳ್ಳಿಯಪ್ಪ ಓಡಿ ಬಂದರು:
"ಮೊನ್ನೆ ಓಡಿದೆ, ನಿನ್ನೆ ಓಡಿದೆ!"
"ನಿನ್ನೆ ಓಡಿದ್ದು ನಿನ್ನೆಗೆ ಆಯ್ತು ಸಾಬ್."
ಬೀಗದ ಕೈ ಕಿತ್ತು ಟಿಫನ್ ಡಬ್ಬಿಗೆ ಹಾಕಿ
ಮುಚ್ಚಳ ತಿರುಗಿಸಿ
ಅದರ ಮೇಲೆ ಕೈಯಿಟ್ಟು ಮೆಟ್ಟಿಲಲ್ಲಿ ಕೂತ.

ಕೂಗು. ಸಿಳ್ಳೆ. ಜೋಳದ ದಿಂಡೊಂದು ನನ್ನ ಬೆನ್ನಿಗೆ.
ಸರಿಯಾಗಿ ಏಳಕ್ಕೆ
ಎದುರಿನ ಅರಮನೆ ಒಮ್ಮೆಲೇ ಹೊತ್ತಿಕೊಂಡಿತು.
ಸಾಲಿಗೆ ಸಾಲೇ ಅತ್ತ ತಿರುಗಿ ಆಹಾ ಅಂದು
ಮತ್ತೆ ಇತ್ತ ತಿರುಗಿ ದುಡ್ಡು ವಾಪಸ್ ಕೇಳಿತು.

ರಾತ್ರಿ ಪಿನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ
ಒರೆಸಿ, ಸುಣ್ಣ ಬಳಿದಿಟ್ಟ.
ಬೆಳಿಗ್ಗೆ ಬಿಳುಪಿನ ಮೇಲೊಂದು ಗೆರೆ, ಎಳ್ಳಿನುದ್ದ.
ಬೆಳ್ಳಿಯಪ್ಪ ಕನ್ನಡಕವೇರಿಸಿ
ಬ್ರಶ್ಶಿನ ಕೂದಲು ಅಂದರು.
ಊದಿದರು.
ಹೋಗಲಿಲ್ಲ.
ಇನ್ನೊಮ್ಮೆ ಊದಿದರು.

ಪೇಪರಿನಲ್ಲಿ ಏನೂ ಬರಲಿಲ್ಲ.
ಏನು ಬರಬೇಕಿತ್ತು?
ಇಪ್ಪತ್ತನಾಲ್ಕು ಜನ ಮನೆಗೆ ಹೋಗಿ ಅನ್ನ ಸಾರು ಉಂಡರು ಎಂದೇ?

ಹೊಸ ಪಿನ್ನು ಬಂದ ದಿನ ಮತ್ತೆ ಚೀಲ ಹೊತ್ತು ಕೂರಿಸಿದೆವು.
ಕಂಬಿ ಇಳಿಸುವಾಗ ಒಂದೊಂದಕ್ಕೂ ಮೆಲ್ಲಗೆ ಹೇಳುತ್ತೇನೆ: ಮರಳು.
ಅದು ಅವುಗಳ ಹೆಸರು.
ನನ್ನ ಅಪ್ಪಣೆಯೂ ಅದೇ.
ಆಮೇಲೆ ಬರುವವರಿಗೆ ಹಾಗೆ ಹೇಳಲಾಗುವುದಿಲ್ಲ,
ಹೆದರಿಯಾರು;
ಚಪ್ಪಲಿ ಬಿಚ್ಚಿಡಿ ಅನ್ನುತ್ತೇನೆ.

ಏಳನೆಯವನು ಇನ್ನೂ ಸೋರುತ್ತಿದ್ದಾನೆ.
ದಬ್ಬಳ ಎಲ್ಲಿಟ್ಟೆವೋ.