ಒಂದೂವರೆಗೆ ಮುಚ್ಚುತ್ತದೆ

ನಮ್ಮಲ್ಲಿ ಏರಿದರೆ ಕೆಂಪು, ಇಳಿದರೆ ಹಸಿರು.
ಇವತ್ತು ಗೋಡೆಯಗಲದ ಹಲಗೆ ತುಂಬ
ನಾಟಿ ಮುಗಿದ ಗದ್ದೆಯ ಹಾಗೆ
ಹಸಿರೋ ಹಸಿರು.
ಪ್ಲಾಸ್ಟಿಕ್ ಕುರ್ಚಿಯ ಮುದುಕರು
ಫ್ಲಾಸ್ಕಿನ ಮುಚ್ಚಳ ಕೈಯಲ್ಲೇ ಹಿಡಿದು
ಬೆಳೆ ನೋಡುತ್ತ ಕೂತಿದ್ದಾರೆ.

ಚಿಯಾಯಿ ಪೇಟೆಯ ಈ ಷೇರು ಕಚೇರಿಯಲ್ಲಿ
ಮೂರನೇ ಕಿಟಕಿ ನನ್ನದು. ಹನ್ನೊಂದು ವರ್ಷ.
ಹನ್ನೆರಡೂವರೆಗೆ ಬಂದಳು ಛ್ವಾ ಬೊಂಗ್ಯೋ,
ಬುದಾಯ್ ಬಂದರಿನ ಬಸ್ಸಿಳಿದು,
ಸಿಂಪಿ ಬಿಡಿಸಿದ ಬೆರಳಿಗೆ ಪ್ಲಾಸ್ಟರು ಸುತ್ತಿಕೊಂಡು.
ಬೆಳಗಿನ ಜಾವದಿಂದ ಆ ಚಿಪ್ಪು, ಈಗ ಈ ಚಿಪ್ಪು.
ಚೀಲದೊಳಗಿಂದ ಬಟ್ಟೆಗಂಟು, ಗಂಟಿನಿಂದ ಮುದ್ರೆ.
ಚೀಟಿ ಮನೆಯಲ್ಲೇ ಬರೆಸಿ ತಂದಿದ್ದಳು:
ನಾಲ್ಕು ಲಾಟು. ಮಾರು.

"ಬೀಳ್ತಾನೇ ಇದೆಯಾ?"
ಬೀಳ್ತಾನೇ ಇದೆ.
"ತಳ ಎಲ್ಲಿ?"
ತಳದ ದರ ನಮಗೂ ಹೇಳುವುದಿಲ್ಲ ಅಜ್ಜಿ, ಅಂದೆ,
ಕಚೇರಿ ಕಲಿಸಿದ ನಗೆ ನಕ್ಕು.

ಆಗ ಲೆಕ್ಕ ಒಪ್ಪಿಸತೊಡಗಿದಳು, ನನಗಲ್ಲ,
ನಡುವಿನ ಗಾಜಿಗೆ.
ಹದಿನಾರಕ್ಕೇ ಕಾರ್ಖಾನೆ ಸೇರಿದ್ದು, ಕಾವ್‌ಶುಂಗಿನಲ್ಲಿ.
ಕೂದಲಿಗಿಂತ ಸಣ್ಣ ಚಿನ್ನದ ತಂತಿ,
ಸೂಕ್ಷ್ಮದರ್ಶಕಕ್ಕೆ ಅಂಟಿದ ಕಣ್ಣು ಸಂಜೆ ಕಿತ್ತುಕೊಂಡರೆ
ಬೀದಿದೀಪವೆಲ್ಲ ಎರಡೆರಡು.
ಕಾಣದ ಊರಿನ ಯಾರದೋ ಯಂತ್ರಕ್ಕೆ
ನರ ಹೊಲಿದವಳು ತಾನು.
ಅದಕ್ಕೇ ಕೊಂಡದ್ದು,
ಟೀವಿಯ ಪಂಡಿತರು ಹೇಳಿದರೆಂದಲ್ಲ.
"ಆ ಕಣ್ಣಿಗೇ ಈಗ ಪೊರೆ.
ಒಳ್ಳೆ ಲೆನ್ಸಿಗೆ, ಹೊಸವರ್ಷದಲ್ಲಿ, ಒಂದು ಲಾಟಾಗಿದ್ದರೆ ಆಗುತ್ತಿತ್ತು.
ಈಗ ಎರಡು.
ತಡೆದರೆ ಮೂರೋ,
ತಡೆದರೆ ಮತ್ತೆ ಒಂದೋ?"
ಹಿಂದಿದ್ದವನು ಕೆಮ್ಮಿದ. ಒಂದು ಹದಿನಾಲ್ಕು.

ಮುದ್ರೆಯಲ್ಲಿ ಅವಳ ಹೆಸರು ಕನ್ನಡಿಯಲ್ಲಿದ್ದಂತೆ ತಿರುಗಿತ್ತು.
ಕಡಲ ಕಡೆಯ ಎಷ್ಟೋ ಮುದುಕಿಯರದು ಇದೇ ಹೆಸರು.
ನಾಲ್ಕನೆಯದೂ ಹೆಣ್ಣಾದಾಗ
ಯಾರಿಗೋ ಕೊಟ್ಟುಬಿಡುವುದೆಂದು ಮಾತಾಗಿ
ಬಂದವರು ಎತ್ತಿ, ತೂಗಿ, ಹಲ್ಲಿಲ್ಲದ ಬಾಯಿ ಬಿಡಿಸಿ ನೋಡಿ
ಚಹಾ ಕುಡಿಯುತ್ತಿರುವಾಗ
ಅಪ್ಪ ಬಾಗಿಲ ಕಡೆ ತಿರುಗಿ ಗೊಣಗುತ್ತಾನೆ,
ಇರಲಿ ಬಿಡು, ಇದನ್ನೂ ಸಾಕು.
ಗೊಣಗಿದ್ದೇ ಹೆಸರಾಗುತ್ತದೆ.

ಒಂದು ಇಪ್ಪತ್ತೈದು.
ಅಂಕಿಗಳು ಉಸಿರು ಹಿಡಿದು ನಿಂತವು.
ಮುದ್ರೆಯ ತುದಿಗೆ ಶಾಯಿ ಹತ್ತಿತ್ತು,
ಇಡೀ ಕೋಣೆಯಲ್ಲಿ ಅದೊಂದೇ ಕೆಂಪು.
ಒತ್ತುತ್ತೀರಾ ಅಜ್ಜಿ?
"ಸಾಕು," ಅಂದಳು.

ಯಾವ ಸಾಕು?
ಕೇಳಬೇಕಿತ್ತು. ಹನ್ನೊಂದು ವರ್ಷದಿಂದ
ಕೇಳುವುದಕ್ಕೇ ನನಗೆ ಸಂಬಳ.
ಚೀಟಿ ಗಾಜಿನ ತೂತಿನಲ್ಲಿ
ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ಇತ್ತು,
ಅದರ ಮೂಲೆಯಲ್ಲಿ ಅರ್ಧ ಮುದ್ರೆ.
ಅರ್ಧ ಮುದ್ರೆ ನಡೆಯುವುದಿಲ್ಲ.

ಹಲಗೆ ಆರಿತು.
ಮುದ್ರೆಯನ್ನು ಬೆರಳ ಪ್ಲಾಸ್ಟರಿಗೇ ಒರೆಸಿ
ಗಂಟು ಕಟ್ಟುತ್ತ ಕೇಳಿದಳು,
ಎರಡು ಗಂಟೆಯ ಬಸ್ಸು ಸಿಗುತ್ತದಾ?
ಸಿಗುತ್ತದೆ, ಅಂದೆ.

ಅದೇ ಕಂಪನಿಯವು ನನ್ನವೂ ಎರಡು ಲಾಟು ಇದ್ದವು.
ಬೆಳಿಗ್ಗೆ ಒಂಬತ್ತೂಕಾಲಿಗೇ ಮಾರಿಬಿಟ್ಟಿದ್ದೆ.
ಅದನ್ನು ಹೇಳಲಿಲ್ಲ.
ಕಿಟಕಿಯ ತೂತಿಗೆ ಸಂಜೆವರೆಗೂ
ಸಿಂಪಿಯ ವಾಸನೆ.