ಹದಿಮೂರನೇ ಕಂತು

ದಾವಣಗೆರೆ ಮಂಡಿಪೇಟೆಯ ಒಳಗಲ್ಲಿಯಲ್ಲಿ ನನ್ನ ಹೊಲಿಗೆ ಅಂಗಡಿ.
ಎಂಟಡಿ ಅಗಲ, ಎರಡು ಮಿಷನ್ನು, ಒಂದು ಸ್ಟೂಲು,
ದಾರದ ಉಂಡೆಗೆ ಒರಗಿಸಿಟ್ಟ ಫೋನು.
ಮಧ್ಯಾಹ್ನ ಮೂರಕ್ಕೆ ಕೊರಿಯಾ ಶುರುವಾಗುತ್ತದೆ.

ಹುಕ್ಕು ಹಾಕುವ ತಸ್ಮೀಯಾಗೆ ತಾಳ್ಮೆ ಕಡಿಮೆ.
ಒಂದೂವರೆ ವೇಗದಲ್ಲಿಟ್ಟು ನೋಡುತ್ತಾಳೆ.
ಆ ದೇಶದ ಮಂದಿಯೆಲ್ಲ
ಕಡೇ ಬಸ್ಸು ತಪ್ಪೀತೆಂಬ ಹಾಗೆ ಪ್ರೀತಿಸುತ್ತಾರೆ.
"ಎಂಟು ಕಂತಿನ ಕತೆ ಅಕ್ಕಾ, ಹದಿನಾರಕ್ಕೆ ಎಳೆದಾರೆ,
ಒಂದು ರವಿಕೆ ಬಟ್ಟೇಲಿ ಎರಡು ಹೊಲಿದಂಗೆ"
ಅನ್ನುತ್ತ ಹಲ್ಲಿನಿಂದ ದಾರ ಕಡಿಯುತ್ತಾಳೆ.

ದಂತ ಕಾಲೇಜಿನ ವಚನಾ ಅಳತೆ ಕೊಡಲು ಬಂದವಳು,
ನಾಲ್ಕು ಕಂತು ಕಳೆದರೂ ಎದ್ದಿಲ್ಲ.
"ಬಡವನ ಪಾತ್ರಕ್ಕೆ ಇಂಥಾ ಸಾಲು ಹಲ್ಲಾ?
ಮೇಲಿನ ಆರೂ ಕಟ್ಟಿಸಿದ್ದು, ಲಕ್ಷ ದಾಟುತ್ತೆ."
ಆಮೇಲೆ ಆ ಹಲ್ಲು ನಕ್ಕಾಗ
ತಾನೂ ನಗುತ್ತಾಳೆ, ಬಾಯಿಗೆ ಕೈ ಅಡ್ಡ ಇಟ್ಟು.

ನನ್ನ ತಕರಾರು ಎರಡನೇ ನಾಯಕಿಯ ಮೇಲೆ.
ಕಣ್ಣಲ್ಲಷ್ಟೇ ಅಳುತ್ತಾಳೆ,
ಭುಜಕ್ಕೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ.
ಇಪ್ಪತ್ತೆರಡು ವರ್ಷ ಹೆಂಗಸರ ಭುಜ ಅಳೆದವಳು ನಾನು.
ದುಃಖವಿದ್ದ ದಿನ
ಟೇಪು ಅರ್ಧ ಇಂಚು ಕಡಿಮೆ ತೋರಿಸುತ್ತದೆ.

ಸಾಹುಕಾರನ ಮಗನಾದವನು ಒಳ್ಳೆ ನಟ, ತಪ್ಪು ಮನೆಗೆ ಹೊಕ್ಕಿದ್ದಾನೆ.
ಶಾವಿಗೆ ಸೊರ್ರೆಂದು ಎಳೆದುಕೊಳ್ಳುವ ಆತುರ ನೋಡಿ,
ಅವನಿಗೆ ಹಸಿವು ಗೊತ್ತು.
ಅವನೂ ಆ ಹಲ್ಲಿನವನೂ ಅದಲುಬದಲಾಗಬೇಕಿತ್ತು.
ನಾವು ಮೂವರೂ ಒಪ್ಪಿದ್ದು ಇದೊಂದನ್ನೇ.

ಸ್ಟೂಲಿನ ಮೇಲೆ ಬಕ್ಕೇಶಪ್ಪ.
ಈಗ ಗುಂಡಿ, ಜಿಪ್ಪು, ಲೈನಿಂಗು ಅಂಗಡಿ ಅಂಗಡಿಗೆ ಹಾಕುತ್ತಾರೆ;
ಹಿಂದೆ ಮೂವತ್ತೊಂದು ವರ್ಷ ನಾಟಕ ಕಂಪನಿಯ ಪ್ರಾಂಪ್ಟರ್.
ಸೈಡ್ ವಿಂಗಿನ ಕತ್ತಲಲ್ಲಿ ಮೊಣಕಾಲೂರಿ
ಮಾತು ಮರೆತವರಿಗೆ ಮಾತು ಎತ್ತಿಕೊಟ್ಟವರು.
ಕೆಳಗೆ ಓಡುವ ಅಕ್ಷರ ಅವರ ಕಣ್ಣಿಗೆ ಇರುವೆ ಸಾಲು.
ಆದರೂ ತುಟಿ ಸುಮ್ಮನಿರದು.
ಪರದೆಯವರು ಎಲ್ಲಿ ತಡೆದರೂ
ಬಾರದ ಭಾಷೆಯಲ್ಲಿ ಏನೋ ಒದಗಿಸಲು ಒದ್ದಾಡುತ್ತದೆ.

ಅವತ್ತು ಹದಿಮೂರನೇ ಕಂತು.
ಆಸ್ಪತ್ರೆಯ ಕಾರಿಡಾರು. ತಾಯಿಯ ಪಾತ್ರದಾಕೆ
ಮಗಳ ಬೂಟು ಮಡಿಲಲ್ಲಿಟ್ಟು ಕೂತಿದ್ದಾಳೆ.
ಡಾಕ್ಟರು ಬಂದ, ಹೇಳಿದ, ಹೋದ.
ಆಕೆ ಬೂಟಿನ ಲಾಡಿ ಬಿಚ್ಚಿದಳು.
ಕಟ್ಟಿದಳು.
ಮಾತಿಲ್ಲ, ಪಿಟೀಲಿಲ್ಲ.
ಮತ್ತೆ ಬಿಚ್ಚಿದಳು.

"ಓಡಿಸ್ಲಾ?" ತಸ್ಮೀಯಾ ಬೆರಳು ಚಾಚಿದಳು.
"ಬ್ಯಾಡವ್ವ," ಅಂದರು ಬಕ್ಕೇಶಪ್ಪ,
"ಆಕಿ ಮರೆತಿಲ್ಲ."
ಅವರ ತುಟಿ ನೋಡಿದೆ.
ಅಲುಗುತ್ತಿರಲಿಲ್ಲ.

ಆಮೇಲೆ ಚಹಾ ಬಂತು, ಮಂಡಕ್ಕಿ ಮಿರ್ಚಿ ಬಂತು.
ಯಾರೂ ಕೇಳದೆ ಹೇಳಿದರು:
"ಹರಿಹರ ಕ್ಯಾಂಪಿನಾಗೆ ರುದ್ರಾಂಬಿಕೆ ಅಂತ ಒಬ್ಬಾಕಿ.
ಮಗ ಸತ್ತ ಸೀನು. ನಿಂತ್ಲು. ನಿಂತೇ ನಿಂತ್ಲು.
ಮರೆತ್ಲು ಅನ್ಕಂಡು ಮಾತು ಕೊಟ್ಟೆ.
ಮತ್ತೊಂದ್ಸಲ ಕೊಟ್ಟೆ, ಸ್ವಲ್ಪ ಜೋರಾಗಿ.
ಮುಂದಿನ ಚಾಪೆಯೋರು ನಕ್ಕುಬಿಟ್ರು.
ಪರದೆ ಬಿದ್ದ ಮ್ಯಾಲೆ ಬಂದ್ಲು, ಬಯ್ಲಿಲ್ಲ.
'ಅಲ್ಲಿ ಮಾತಿರಲಿಲ್ಲ ಅಣ್ಣಾ' ಅಂದ್ಲು."

ಮಿರ್ಚಿಯ ತೊಟ್ಟನ್ನು ಕಾಗದಕ್ಕೆ ಸುತ್ತಿದರು.
"ಪುಸ್ತಕದಾಗೆ ಇತ್ತು," ಅಂದರು.

ಹುಕ್ಕಿನ ಕಾರ್ಡು ಎರಡು ಡಜನ್ ಎಣಿಸಿಕೊಟ್ಟು,
ಹಳೇ ಬಾಕಿ ನೂರಾ ನಲವತ್ತು ನೆನಪಿಸಿ, ಹೋದರು.

ತಸ್ಮೀಯಾ ಹಿಂದಕ್ಕೆಳೆದು ಮತ್ತೆ ಹಾಕಿದಳು,
ಇದ್ದ ವೇಗಕ್ಕೇ ಬಿಟ್ಟು.
ನಾನು ಪೆಡಲಿನಿಂದ ಕಾಲು ತೆಗೆದೆ.
ಗಲ್ಲಿಯಲ್ಲಿ ಯಾರದೋ ತಳ್ಳುಗಾಡಿ ಹೋಯಿತು.
ಬಿಚ್ಚಿದಳು. ಕಟ್ಟಿದಳು.

"ಆದ್ರೂ ಅಕ್ಕಾ," ಅಂದಳು ತುಸು ಹೊತ್ತಿಗೆ,
"ಹನ್ನೊಂದು ಕಂತು ಸಾಕಿತ್ತು."
ಅಷ್ಟರಲ್ಲಿ ಎರಡನೇ ನಾಯಕಿ ಓಡಿಬಂದಳು,
ಕಣ್ಣಲ್ಲಷ್ಟೇ ಅಳುತ್ತ.