ಕೈಗೆ ಎಷ್ಟು

ಕೋಡಿಬಾಗದ ನಮ್ಮ ಜಗಲಿಗೆ ಬಂದವನು
ಚಪ್ಪಲಿ ಬಿಡುವ ಮೊದಲೇ ಸಂಖ್ಯೆ ಹೇಳಿದ:
ಕೈಗೆ ಇಪ್ಪತ್ನಾಲ್ಕು ಸಾವಿರ, ಬಾಯೀ, ನೆಟ್ಟಗೆ ಕೈಗೆ.

ಮಗಳು ರೂಪಾಲಿ ಐಟಿಐ ಮುಗಿಸಿದ ಇಲೆಕ್ಟ್ರಿಶಿಯನ್.
ಕೆಲಸ ಇರುವುದು ಹಡಗು ರಿಪೇರಿಯ ಯಾರ್ಡಿನಲ್ಲಿ,
ಆದರೆ ಯಾರ್ಡು ಅವಳನ್ನು ನೇರ ಇಟ್ಟುಕೊಳ್ಳುವುದಿಲ್ಲ,
ಅವಳ ಹೆಸರು ಹೊರಲಿಕ್ಕೆ ನಡುವೆ ಒಂದು ಕಂಪನಿ ಬೇಕು.
ನಾವು ಕೊಡೆ ಇದ್ದಂತೆ, ಅಂದ,
ಬಿಸಿಲು ಮಳೆ ಎಲ್ಲ ನಮ್ಮ ಮೇಲೆ.
ಹೆಸರು ಅಚ್ಚಾದ ನೀಲಿ ಕೊಡೆಯೊಂದನ್ನು
ಪುಕ್ಕಟೆ ಎಂದು ಗೋಡೆಗೆ ಒರಗಿಸಿದ.

ನಾನು ಮೂವತ್ತು ವರ್ಷ ಏಡಿ ಮಾರಿದವಳು.
ಹುಣ್ಣಿಮೆಯ ಏಡಿ ನೋಡಲಿಕ್ಕೆ ಗಾತ್ರ,
ಕೊಂಬೆತ್ತಿ ಬುಟ್ಟಿಯಿಂದ ತಾನೇ ಹೊರಗೆ ಬರುತ್ತದೆ;
ಒಡೆದರೆ ನೀರು.
ಬೆಳದಿಂಗಳಿಗೆ ಮಾಂಸ ಕರಗುತ್ತದೆ ಅನ್ನುತ್ತಿದ್ದಳು ಅತ್ತೆ.
ನಿಜವೋ ಸುಳ್ಳೋ, ಹೊಟ್ಟೆಯ ಕಡೆ ಹೆಬ್ಬೆರಳು ಒತ್ತದೆ
ಇಂದಿಗೂ ನಾನು ಒಂದನ್ನೂ ಕೊಂಡಿಲ್ಲ.

ಒತ್ತಿದೆ.
ಯಾರ್ಡು ನಿಮಗೆ ದಿನಕ್ಕೆ ಎಷ್ಟು ಕೊಡುತ್ತದೆ, ತಮ್ಮಾ?
ಸಾವಿರ. ಇಪ್ಪತ್ತಾರು ದಿನ. ಇಪ್ಪತ್ತಾರು ಸಾವಿರ.
ಅದರಲ್ಲಿ ನಿಮ್ಮದೆಷ್ಟು?
ನಕ್ಕ.
ಪಿಎಫ್‌ಗೆ ಕಂಪನಿ ಹಾಕುವ ಪಾಲು ಯಾರ ಜೇಬಿನದು?
ಅದೂ ಇದರಲ್ಲೇ, ಬಾಯೀ, ಎಲ್ಲರೂ ಹಾಗೇ ಮಾಡೋದು.
ಅಂದರೆ ಅವಳಿಗೆ ಕೊಡುವ ಉಡುಗೊರೆಯನ್ನೂ
ಅವಳೇ ಕೊಂಡು ತರಬೇಕು.
ಮತ್ತೆ ಇಪ್ಪತ್ನಾಲ್ಕು ಹೇಗೆ ಉಳಿಯಿತು?
ಮೂಲ ಸಂಬಳ ಸಣ್ಣದು ಬರೆದು, ಮಿಕ್ಕಿದ್ದು ಭತ್ಯೆ ಅಂತ...
ಹಾಗಾದರೆ ಪಿಎಫ್ ಒಣ ಸೀಗಡಿಯಷ್ಟು.
ರಜೆಯ ದುಡ್ಡು? ಕ್ರೇನ್ ಕೆಟ್ಟು
ಗೇಟಿನಿಂದಲೇ ಹಿಂದೆ ಕಳಿಸಿದ ದಿನದ್ದು?
ಅವನು ಚಾ ಕುಡಿದ. ಬಿಸ್ಕತ್ತನ್ನು ತುಂಬ ಹೊತ್ತು ನೋಡಿದ.
ಹೋಗುವಾಗ ಕೊಡೆ ಕೈಗೆ ಕೊಟ್ಟು ಕಳಿಸಿದೆ.

ಎರಡನೆಯ ಕಂಪನಿ ಬೈತಖೋಲ ರಸ್ತೆಯ ಮಹಡಿಯ ಒಂದೇ ಕೋಣೆ.
ಮಂದಾಕಿನಿ ಪೆಡ್ನೇಕರ, ಕನ್ನಡಕ ಹಣೆಗೇರಿಸಿ,
ಲೆಕ್ಕದ ಹಾಳೆಯನ್ನೇ ನನ್ನ ಕಡೆ ತಿರುಗಿಸಿದಳು.
ಇಷ್ಟು ನಮ್ಮದು, ಇಷ್ಟು ಪಿಎಫ್ ಎರಡೂ ಕಡೆಯದು,
ಇಷ್ಟು ವಿಮೆ, ಇಷ್ಟು ರಜೆಗೆಂದು ಎತ್ತಿಟ್ಟದ್ದು.
ಕೊನೆಗೆ ಇಪ್ಪತ್ತು ಸಾವಿರದ ಮುನ್ನೂರ ಹದಿನೆಂಟು.

ಮೆಟ್ಟಿಲಲ್ಲಿ ರೂಪಾಲಿಯ ಮುಖ ಇಳಿದಿತ್ತು.
ಸುಮಾರು ನಾಲ್ಕು ಸಾವಿರ ಕಡಿಮೆ, ಆಯಿ.
ಕಡಿಮೆಯೇ.
ಆದರೆ ಆ ಹದಿನೆಂಟರ ಬಾಲ ನೋಡು, ಅಂದೆ,
ದುಂಡನೆಯ ಸಂಖ್ಯೆ ಬಾಯಲ್ಲಿ ಹುಟ್ಟುತ್ತದೆ,
ಬಾಲ ಬರುವುದು ಲೆಕ್ಕ ಮಾಡಿದ್ದಕ್ಕೆ.
ಹೇಳಿ ನಾಲ್ಕು ಹೆಜ್ಜೆ ನಡೆದ ಮೇಲೆ ಅನುಮಾನ:
ಬಾಲ ಅಂಟಿಸುವುದು ಎಷ್ಟು ಹೊತ್ತಿನ ಕೆಲಸ?

ಜೂನಿನಲ್ಲಿ ಸೇರಿದಳು.
ಮೊದಲ ವಾರವೇ ಕಂಪನಿಯವರು ಎಲ್ಲರಿಗೂ
ಒಂದೊಂದು ಕೊಡೆ ಹಂಚಿದರು, ಕಪ್ಪು, ಹೆಸರಿಲ್ಲದ್ದು.
ಹೆಸರಿಲ್ಲದ್ದು ನೋಡಿ
ಒಳ್ಳೆಯವರು ಅಂದುಕೊಂಡೆ.

ಮುಂದಿನ ತಿಂಗಳ ಏಳಕ್ಕೆ ಅವಳ ಫೋನು ಬಂತು, ಮೀನು ಪೇಟೆಗೆ:
ಹತ್ತೊಂಬತ್ತು ಸಾವಿರದ ಎಂಟುನೂರ ನಲವತ್ತು.
ಒದ್ದೆ ಬೆರಳ ಮೇಲೆ ಕಳೆದೆ.
ನಾನೂರ ಎಪ್ಪತ್ತೆಂಟು ಇಲ್ಲ.
ಎದುರಿನ ಗಿರಾಕಿ ಏಡಿಯ ಬೆಲೆ ಎರಡು ಸಲ ಕೇಳಿದಳಂತೆ.

ಸಂಜೆ ಸಂಬಳದ ಚೀಟಿ ಹಿಡಿದು
ಸಾಲು ಸಾಲಾಗಿ ಬೆರಳಿಟ್ಟು ಇಳಿದೆವು.
ಎಲ್ಲ ಸರಿ, ಹಾಳೆಯಲ್ಲಿ ಇದ್ದಂತೆಯೇ,
ಕೊನೆಯ ಸಾಲಿನವರೆಗೆ:

ಕೊಡೆ ೪೭೮

ಒಂದೇ ಪದ.
ತಲೆಯ ಮೇಲೆ ಹಿಡಿಯುವುದೋ,
ಕೈ ಚಾಚಿದವರಿಗೆ ಹೇಳುವುದೋ?

ನಾಳೆ ಬುಟ್ಟಿ ಖಾಲಿಯಾದ ಮೇಲೆ ಮಹಡಿ ಹತ್ತುತ್ತೇನೆ.
ಕೊಡೆಯನ್ನು ಮಡಚಿ ಆ ಮೇಜಿನ ಮೇಲಿಟ್ಟು
ಮಂದಾಕಿನಿಬಾಯಿ, ಇದನ್ನು
ಯಾವ ಅರ್ಥದಲ್ಲಿ ಬರೆದಿರಿ ಎಂದು ಕೇಳುತ್ತೇನೆ.
ಹೊರಗೆ ಮಳೆ ಇದ್ದರೆ
ಬರುವಾಗ ನೆನೆಯುತ್ತೇನೆ, ಅಷ್ಟೇ.